ಸೂಜಿಯ ಮುಚ್ಚಳ

ಜೂನ್ ೪, ಗುರುವಾರ

ಬುಗುರಿಗೆ ಅಮ್ಮನ ಆಶೀರ್ವಾದ.

ಇವತ್ತು ನನ್ನ ಉಪವಾಸ. ಬೆಳಿಗ್ಗೆ ಎದ್ದು ಒಲೆ ಒರೆಸಿ, ನೀರು ತುಂಬಿಸಿ, ನಿಮ್ಮಪ್ಪನಿಗೆ ಬುತ್ತಿ ಕಟ್ಟಿ ಮರಗೆಲಸಕ್ಕೆ ಕಳಿಸಿ, ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟು ದೇವರ ಮುಂದೆ ಕೂತೆ. ಕೂತರೂ ಮನಸ್ಸು ನಿಲ್ಲಲಿಲ್ಲ. ದೇವರಿಗೆ ಹೇಳಬೇಕಾದ್ದು ಬಿಟ್ಟು ನಿನಗೆ ಹೇಳಬೇಕಾದ್ದೇ ಬಾಯಿಗೆ ಬರುತ್ತಿತ್ತು. ಎದ್ದು ಬಂದು ಬರೆಯುತ್ತಿದ್ದೇನೆ.

ಭಾನುವಾರ ಫೋನಿನಲ್ಲಿ ಕೇಳಬಹುದಿತ್ತು. ಆದರೆ ನಿಮ್ಮ ನರ್ಸಿಂಗ್ ಹಾಸ್ಟೆಲಿನ ಆ ಫೋನು ವಾರ್ಡನ್ ಮೇಜಿನ ಮೇಲಿದೆ, ಹಿಂದೆ ಅಷ್ಟೂ ಹುಡುಗಿಯರು ಸಾಲಾಗಿ ನಿಂತಿರುತ್ತಾರೆ. ನೀನು ಚೆನ್ನಾಗಿದೀನಿ ಅಂತೀ, ನಾನು ಸರಿ ಅಂತೀನಿ, ಅಲ್ಲಿಗೆ ಮುಗಿಯಿತು. ಕಾಗದವೇ ವಾಸಿ. ಎಂದಿನಂತೆ ಹೊಲಿದ ಬಟ್ಟೆಯ ಗಂಟಿನಲ್ಲಿಟ್ಟು ಚಿಕ್ಕಮ್ಮ ಕೆಲಸ ಮಾಡುವ ಅಂಗಡಿಗೆ ಕಳಿಸುತ್ತೇನೆ. ಅಂಗಡಿ ಆಸ್ಪತ್ರೆ ಗೇಟಿಗೆ ಎದುರೇ ಇದೆ, ನಿನಗೆ ತಲುಪಿಸುವುದು ಅವಳಿಗೆ ಕಷ್ಟವಲ್ಲ. ಓದದೆ ತಲುಪಿಸುವುದು ಕಷ್ಟ. ನನ್ನ ತಂಗಿ ನನಗೆ ಗೊತ್ತಿಲ್ಲವೇ. ಅದಕ್ಕೇ ಲಕೋಟೆಯ ಬಾಯಿ ಹೊಲಿದಿದ್ದೇನೆ. ಕೆಂಪು ದಾರ, ಕೊನೆಯಲ್ಲಿ ಎರಡು ಗಂಟು. ಒಂದೇ ಗಂಟಿದ್ದರೆ ಬಿಚ್ಚಿ ಮತ್ತೆ ಹೊಲಿದಿದ್ದಾಳೆ ಅಂತ ತಿಳಿ. ನೀನೂ ಹಾಗೇ ಹೊಲಿದು ಕಳಿಸು.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ರಜೆಗೆ ಬಂದೆಯಲ್ಲ, ಬಂದವಳು ನೀನೇನಾ? ಬಾಗಿಲಲ್ಲಿ ತಬ್ಬಿಕೊಳ್ಳಲು ಬಂದರೆ ಇರು ಅಂತ ಹೇಳಿ ಬಚ್ಚಲಿಗೆ ಹೋಗಿ ಕೈ ತೊಳೆದೆ. ಅಷ್ಟು ಹೊತ್ತು ತೊಳೆಯುವಂಥದ್ದು ಏನಿತ್ತು? ಕೈಯಲ್ಲಿ ಬಳೆ ಇಲ್ಲ. ಅಜ್ಜಿಯ ಉಂಗುರ ಇಲ್ಲ. ಎಡಗೈ ತೋರುಬೆರಳಿಗೆ ಪಟ್ಟಿ. ಕೇಳಿದರೆ ಕಾಗದ ಕುಯ್ದಿತು ಅಂದೆ. ಊಟಕ್ಕೆ ಕೂತವಳು ಅರ್ಧಕ್ಕೇ ಎದ್ದೆ.

ಅದೆಲ್ಲ ಹೋಗಲಿ. ಮಾರನೆಯ ದಿನ ನಾನು ನನ್ನ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ತೆಗೆದುಕೊಂಡು ಸೂಜಿಗೆ ಮುಚ್ಚಳ ಹಾಕುತ್ತಿದ್ದಾಗ ಬಂದು ಕೈಯಿಂದ ಕಿತ್ತುಕೊಂಡೆಯಲ್ಲ, ನಿನ್ನ ಮುಖ ನೋಡಿ ನಾನು ಹೆದರಿದೆ. ನನ್ನ ಮೇಲೆ ಕಿರುಚಿದ ಮಗಳಲ್ಲ ನೀನು.

ಇನ್ನೊಂದು. ಮೊದಲು ಕಾಗದ ಬರೆದರೆ ಪುಟಕ್ಕೊಂದು ಸೋಪಣ್ಣ. ಕೈ ತೊಳೆಯುವುದು ಕಲಿಸುವ ಮೇಷ್ಟರಿಗೆ ನೀವಿಟ್ಟ ಹೆಸರು. ಸೋಪಣ್ಣ ಹೀಗಂದ, ಸೋಪಣ್ಣ ನಮ್ಮ ಉಗುರು ನೋಡಿ ಹಾಗಂದ ಅಂತ ನಗಿಸುತ್ತಿದ್ದೆ. ಈ ಸಲ ಬಂದಾಗ ಅವನ ಹೆಸರೇ ಇಲ್ಲ. ಒಬ್ಬರ ಹೆಸರು ಬಾಯಲ್ಲಿ ಇರುವಾಗ ನನಗೆ ಚಿಂತೆಯಿಲ್ಲ, ಇದ್ದಕ್ಕಿದ್ದ ಹಾಗೆ ನಿಂತು ಹೋದರೆ ಚಿಂತೆ.

ಅಜ್ಜಿಯ ಉಂಗುರ ಎಲ್ಲಿದೆ? ಅಥವಾ ಯಾರ ಹತ್ತಿರ ಇದೆ? ನೇರವಾಗಿ ಬರೆ.

ನಿನ್ನ ಅಮ್ಮ


ಜೂನ್ ೧೧

ಅಮ್ಮ,

ಎರಡು ಗಂಟೂ ಭದ್ರವಾಗಿದ್ದವು. ಪಾಪ ಚಿಕ್ಕಮ್ಮ.

ಉಂಗುರ ನನ್ನ ಪೆಟ್ಟಿಗೆಯಲ್ಲಿ ಸಾಕ್ಸಿನೊಳಗೆ ಇದೆ. ವಾರ್ಡಿನಲ್ಲಿ ಮೊಣಕೈಯಿಂದ ಕೆಳಗೆ ಏನೂ ಇರಬಾರದು. ಬಳೆ, ಉಂಗುರ, ಗಡಿಯಾರ, ದಾರ, ಉಗುರಿನ ಬಣ್ಣ ಯಾವುದೂ. ಅವುಗಳ ಕೆಳಗೆ ಸೋಪು ಹೋಗುವುದಿಲ್ಲ, ಕೊಳೆ ಹೋಗಿ ಕೂರುತ್ತದೆ. ನಮ್ಮ ಕೈಯಿಂದ ಒಬ್ಬರ ಸೋಂಕು ಇನ್ನೊಬ್ಬರ ಗಾಯಕ್ಕೆ ದಾಟುತ್ತದೆ. ಒಬ್ಬ ರೋಗಿಯನ್ನು ಮುಟ್ಟುವ ಮೊದಲು ತೊಳೆಯಬೇಕು, ಮುಟ್ಟಿದ ಮೇಲೆ ತೊಳೆಯಬೇಕು, ಅವರ ಮಂಚ ಮುಟ್ಟಿದರೂ ತೊಳೆಯಬೇಕು, ಗ್ಲೌಸ್ ಬಿಚ್ಚಿದ ಮೇಲೂ ತೊಳೆಯಬೇಕು. ಅದೇ ಅಭ್ಯಾಸ ಮನೆಗೂ ಬಂತು. ನಿನ್ನನ್ನು ತಬ್ಬಿಕೊಳ್ಳಬಾರದು ಅಂತ ಅಲ್ಲ. ತಬ್ಬಿಕೊಳ್ಳಬೇಕು ಅಂತಲೇ ತೊಳೆದಿದ್ದು.

ಕಿರುಚಿದ್ದಕ್ಕೆ ತಪ್ಪಾಯಿತು. ಆದರೆ ಒಂದೇ ಸೂಜಿಯನ್ನು ವಾರವಿಡೀ ಚುಚ್ಚಿಕೊಳ್ಳಬೇಡ ಅಮ್ಮ. ಪ್ರತಿ ಸಲ ಹೊಸದು ತೆಗೆದುಕೋ. ಹಳೆಯದಕ್ಕೆ ಮುಚ್ಚಳ ಹಾಕದೆ ಹಾಗೇ ಗಟ್ಟಿ ಡಬ್ಬಕ್ಕೆ ಹಾಕು. ಉಪವಾಸದ ದಿನ ಇಂಜೆಕ್ಷನ್ ಎಷ್ಟು ಅಂತ ಡಾಕ್ಟರಮ್ಮನನ್ನು ಕೇಳಿದೆಯಾ? ಕೇಳಿಲ್ಲ ಅಂತ ನನಗೆ ಗೊತ್ತು.

ಸೋಪಣ್ಣನವರು ಚೆನ್ನಾಗಿದ್ದಾರೆ. ಬರೆಯುವಂಥದ್ದು ಏನೂ ಆಗಿಲ್ಲ.

ಬುಗುರಿ


ಜೂನ್ ೧೯

ಮಗಳೇ,

ಹಿಂದಿನ ಕಾಗದಗಳಲ್ಲಿ ಸೋಪಣ್ಣ ಅಂತಿದ್ದವನು ಈ ಕಾಗದದಲ್ಲಿ ಸೋಪಣ್ಣನವರು ಆಗಿದ್ದಾನೆ. ನಾನು ಹಳ್ಳಿ ಶಾಲೆಯಲ್ಲಿ ಕಲಿತವಳು ನಿಜ, ಆದರೆ ಓದುವುದು ನಿಧಾನ. ನಿಧಾನವಾಗಿ ಓದುವವರಿಗೆ ಇಂಥವು ಕಾಣುತ್ತವೆ.

ನಿನ್ನೆ ಚಿಕ್ಕಮ್ಮ ಗಂಟಿನ ಜೊತೆ ಖುದ್ದಾಗಿ ಬಂದಿದ್ದಳು. ಅವಳು ಬಂದರೆ ಮೊದಲು ಅಂಗಡಿಯ ದೂರು, ಆಮೇಲೆ ಮಂಡಿನೋವು. ನಿನ್ನೆ ಎರಡೂ ಇಲ್ಲ. ಬಾಗಿಲು ಹಾಕಿ ಕೂತು ಪಿಸುಪಿಸು ಶುರು ಮಾಡಿದಳು. ನೀನು ರಕ್ತ ಪರೀಕ್ಷೆಯ ಸಾಲಿನಲ್ಲಿ ಕೂತಿದ್ದೆಯಂತೆ, ಪಕ್ಕದಲ್ಲಿ ಒಬ್ಬ ಎತ್ತರದ ಮನುಷ್ಯ, ನಿನ್ನ ಚೀಲ ಅವನ ಕೈಯಲ್ಲಿ. ಇನ್ನೊಂದು ದಿನ ಗೇಟಿನ ಹತ್ತಿರ ಗೋಡೆ ಹಿಡಿದು ವಾಂತಿ ಮಾಡಿದೆಯಂತೆ. ಅವಳು ನೀರು ತಂದು ಕೊಟ್ಟರೆ ಚೀಲದಿಂದ ಮಾತ್ರೆ ತೆಗೆದು ನುಂಗಿ, ಅಮ್ಮನಿಗೆ ಹೇಳಬೇಡ ಚಿಕ್ಕಮ್ಮ ಅಂದೆಯಂತೆ. ಆ ಮಾತು ಕೇಳಿದ ಮೇಲೆ ಅವಳು ಹೇಳದೆ ಇರುತ್ತಾಳೆಯೇ.

ನಾನು ಅವಳ ಮುಂದೆ ನಿನ್ನ ಕಡೆಯೇ ಮಾತಾಡಿದೆ. ಬಿಸಿಲಿಗೆ ಆಗಿರುತ್ತದೆ ಅಂದೆ. ಅವಳು ಹೋದ ಮೇಲೆ ಮೆಷಿನ್ನಿನ ಮುಂದೆ ಕೂತೆ. ದಿಂಬಿನ ಚೀಲದ ಮೂರು ಬದಿ ಹೊಲಿಯುವ ಬದಲು ನಾಲ್ಕೂ ಬದಿ ಹೊಲಿದಿದ್ದೆ. ನಿಮ್ಮಪ್ಪ ನೋಡಿ, ಇದರೊಳಗೆ ದಿಂಬು ಹೇಗೆ ಹೋಗುತ್ತದೆ ಅಂತ ಕೇಳಿದರು. ಅವರಿಗೆ ಏನೂ ಹೇಳಿಲ್ಲ.

ಊಟ ಸೇರುವುದಿಲ್ಲ, ವಾಂತಿ, ರಕ್ತ ಪರೀಕ್ಷೆ, ಮಾತ್ರೆ, ಜೊತೆಗೊಬ್ಬ ಗಂಡಸು. ನಾನು ಹೆತ್ತವಳು. ಇದರ ಅರ್ಥ ಬರೆದು ತೋರಿಸಬೇಕಾಗಿಲ್ಲ. ಆ ಪದ ಈ ಕಾಗದದಲ್ಲಿ ಬರೆಯುವುದೂ ಇಲ್ಲ.

ಅದೇ ಆಗಿದ್ದರೆ ಹೇಳು. ಹೊಡೆಯುವುದಿಲ್ಲ. ಆದರೆ ಆ ತರಬೇತಿ ಅಲ್ಲಿಗೆ ನಿಲ್ಲಬೇಕು. ತಿಂಗಳು ಮುಗಿಯುವುದರೊಳಗೆ ಉತ್ತರ ಬರದಿದ್ದರೆ ನಾನೇ ಬಂದು ನಿನ್ನ ಪೆಟ್ಟಿಗೆ ಎತ್ತಿಕೊಂಡು ಬರುತ್ತೇನೆ. ಇಲ್ಲಿ ಎರಡನೇ ಮೆಷಿನ್ ಖಾಲಿ ಇದೆ.

ಅಮ್ಮ


ಜೂನ್ ೨೪

ಅಮ್ಮ,

ನೀನು ಅಂದುಕೊಂಡದ್ದು ಅಲ್ಲ. ನಿನ್ನ ದೇವರ ಮುಂದೆ ನಿಂತು ಹೇಳು ಅಂದರೂ ಹೇಳುತ್ತೇನೆ.

ಮಾತ್ರೆ ನಾಲ್ಕು ವಾರದ್ದು, ಇವತ್ತಿಗೆ ಮುಗಿಯಿತು. ಇನ್ನು ವಾಂತಿ ಆಗುವುದಿಲ್ಲ. ಯಾತಕ್ಕೆ ಅಂತ ಮಾತ್ರ ಕೇಳಬೇಡ. ನನ್ನ ಮಾತಿಗಿಂತ ಚಿಕ್ಕಮ್ಮನ ಕಣ್ಣು ಹೆಚ್ಚಾಯಿತಲ್ಲ ನಿನಗೆ. ಪೆಟ್ಟಿಗೆ ಎತ್ತಿಕೊಂಡು ಹೋಗಲು ಬರಬೇಡ, ನಾನು ಬರುವುದಿಲ್ಲ.

ಇಂಜೆಕ್ಷನ್ ತಪ್ಪಿಸಬೇಡ.

ಬುಗುರಿ


ಜೂನ್ ೩೦

ಕೈ ತೊಳೆಯುವುದು ಕಲಿಸುವ ಮೇಷ್ಟರಿಗೆ ನಮಸ್ಕಾರ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಹುಡುಗಿಯರು ನಿಮ್ಮನ್ನು ಏನಂತ ಕರೆಯುತ್ತಾರೋ ಅದು ಗೊತ್ತಿದೆ, ಕಾಗದದ ಮೇಲೆ ಬರೆಯುವಂಥದ್ದಲ್ಲ. ನಾನು ಬುಗುರಿಯ ತಾಯಿ. ಮನೆಯಲ್ಲಿ ಹಾಗೆ ಕರೆಯುತ್ತೇವೆ. ಎಡಗೈ ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದಳಲ್ಲ, ಆ ಹುಡುಗಿ.

ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ. ನಿಮಗೆ ಮದುವೆ ಆಗಿದೆಯೇ? ನನ್ನ ಮಗಳ ಚೀಲ ನಿಮ್ಮ ಕೈಯಲ್ಲಿ ಯಾಕಿತ್ತು? ಅವಳು ನಾಲ್ಕು ವಾರ ನುಂಗಿದ್ದು ಯಾವ ಮಾತ್ರೆ? ಕಲಿಯಲು ಬಂದ ಮಕ್ಕಳು ಕಲಿಸುವವರ ಕೈಕೆಳಗೆ ಇರುತ್ತಾರೆ. ಅದು ನನಗೆ ಗೊತ್ತು, ದೇವರಿಗೂ ಗೊತ್ತು. ನಿಮ್ಮಿಂದ ಏನಾದರೂ ತಪ್ಪು ನಡೆದಿದ್ದರೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಅವಳಿಗೆ ಈ ಕಾಗದದ ವಿಷಯ ತಿಳಿಸಬೇಡಿ. ಉತ್ತರವನ್ನು ಎದುರಿನ ಬಟ್ಟೆ ಅಂಗಡಿಯಲ್ಲಿ ಕೊಡಿ. ಚೆನ್ನಾಗಿ ಅಂಟಿಸಿ ಕೊಡಿ.

ಹೊಲಿಗೆಯವಳು


ಜುಲೈ ೬

ತಾಯಿಯವರಿಗೆ ನಮಸ್ಕಾರಗಳು.

ನನಗೆ ಮದುವೆಯಾಗಿದೆ. ನಿಮ್ಮ ಪತ್ರವನ್ನು ಹೆಂಡತಿಗೆ ತೋರಿಸಲೇಬೇಕಾಯಿತು. ಅವಳು ನಕ್ಕು, ಕೊನೆಗೂ ನಿಮ್ಮ ಮೇಲೆ ಅನುಮಾನ ಪಡುವವರು ಒಬ್ಬರು ಸಿಕ್ಕರು ಅಂದಳು. ಹುಡುಗಿಯರು ನನ್ನನ್ನು ಸೋಪಣ್ಣ ಅನ್ನುವುದೂ ನನಗೆ ಗೊತ್ತು.

ನಿಮ್ಮ ಮಗಳ ಚೀಲ ಹಿಡಿದದ್ದು ಅವಳ ತೋಳಿಗೆ ರಕ್ತ ತೆಗೆಯುವ ಪಟ್ಟಿ ಕಟ್ಟಿದ್ದರಿಂದ. ಇದಕ್ಕಿಂತ ಹೆಚ್ಚು ಹೇಳುವ ಹಕ್ಕು ನನಗಿಲ್ಲ. ಅವಳ ಆರೋಗ್ಯದ ವಿಷಯವನ್ನು ಅವಳೇ ಹೇಳಬೇಕು, ಕೇಳುವವರು ತಾಯಿಯೇ ಆದರೂ.

ಆದರೆ ನೀವು ಕೇಳಿದ ರೀತಿ ನನಗೆ ಹಿಡಿಸಿತು. ರೋಗಿಗಳ ಜೊತೆ ಕೂರಲು, ಗಾಡಿ ತಳ್ಳಲು ಸ್ವಯಂಸೇವೆಗೆ ಬರುವವರಿಗೆ ಈ ತಿಂಗಳ ಹದಿನಾಲ್ಕರ ಬೆಳಿಗ್ಗೆ ಪಾಠವಿದೆ. ಹೊರಗಿನವರು ಯಾರು ಬೇಕಾದರೂ ಬಂದು ಕೂರಬಹುದು. ಬನ್ನಿ. ನೆಗಡಿ ಕೆಮ್ಮು ಇದ್ದರೆ ಮಾತ್ರ ಬರಬೇಡಿ.

ಸೋಪಣ್ಣ


ಜುಲೈ ೧೫

ಬುಗುರಿ,

ನಿನ್ನೆ ನಿನ್ನ ಆಸ್ಪತ್ರೆಗೆ ಬಂದಿದ್ದೆ. ನಿಮ್ಮಪ್ಪನಿಗೆ ದಾರ ತರಲು ಹೋಗುತ್ತೇನೆ ಅಂದೆ. ಚಿಕ್ಕಮ್ಮನಿಗೂ ಕಾಣದ ಹಾಗೆ ಹಿಂದಿನ ಗೇಟಿನಿಂದ ಒಳಗೆ ಹೋದೆ. ನಿನ್ನ ಮೇಷ್ಟರನ್ನು ಕಣ್ಣಾರೆ ನೋಡಿ ಅಳೆಯಬೇಕು ಅಂತ ಬಂದವಳು, ಕಲಿಯುವುದಕ್ಕಲ್ಲ. ನಾನೇ ಅವರಿಗೆ ಕಾಗದ ಬರೆದಿದ್ದೆ. ಬೈಯುವುದಿದ್ದರೆ ಆಮೇಲೆ ಬೈ.

ಉದ್ದನೆಯ ಕೋಣೆ, ಕಿಟಕಿಗೆ ಪರದೆ. ನಮ್ಮಂಥ ಹೆಂಗಸರೇ ಹೆಚ್ಚು. ಒಬ್ಬರು ರಿಟೈರಾದ ಪೋಸ್ಟ್ ಮಾಸ್ಟರ್ ಮುಂದಿನ ಸಾಲಿನಲ್ಲಿ ಕೂತು ಎಲ್ಲಕ್ಕೂ ಯಾಕೆ ಯಾಕೆ ಅನ್ನುತ್ತಿದ್ದರು. ಮೇಷ್ಟರು ಮೊದಲು ಎಲ್ಲರ ಕೈಗೂ ಏನೋ ಬಿಳಿ ಕ್ರೀಮು ಹಚ್ಚಿಸಿದರು. ತೊಳೆದು ಬನ್ನಿ ಅಂದರು. ನಾನು ಚೆನ್ನಾಗಿಯೇ ತೊಳೆದೆ, ಅವರ ಮುಂದೆ ಸೋಲಬಾರದು ಅಂತ. ಆಮೇಲೆ ದೀಪ ಆರಿಸಿ ನೀಲಿ ಬೆಳಕು ಹಾಕಿದರು. ಉಂಗುರದ ಸುತ್ತ, ಉಗುರಿನ ಸಂದಿಯಲ್ಲಿ, ಹೆಬ್ಬೆರಳ ಬುಡದಲ್ಲಿ ಆ ಕ್ರೀಮು ಹಾಗೇ ಹೊಳೆಯುತ್ತಿತ್ತು. ಇಷ್ಟು ವರ್ಷ ಈ ಕೈ ತೊಳೆದುಕೊಂಡೇ ದೇವರ ಮುಂದೆ ಕೂರುತ್ತಿದ್ದೆ. ನನ್ನ ಉಂಗುರ ಬಿಚ್ಚಲು ಹೋದರೆ ಬರಲೇ ಇಲ್ಲ, ಸೋಪು ಹಾಕಿ ಎಳೆದದ್ದಾಯಿತು. ಅಜ್ಜಿಯ ಉಂಗುರ ಸಾಕ್ಸಿನಲ್ಲೇ ಇರಲಿ.

ರೋಗಿಯ ಮಂಚದ ಮೇಲೆ ಕೂರಬೇಡಿ ಅಂದರು. ಕಸದ ಚೀಲವನ್ನು ಕೈಯಿಂದ ಅದುಮಬೇಡಿ, ಒಳಗೆ ಏನಿರುತ್ತದೋ ಅಂದರು. ಒಂದೊಂದಕ್ಕೂ ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಎಲ್ಲಾದರೂ ಸುಳ್ಳು ಸಿಗುತ್ತದೆಯೇ ಅಂತ. ಸಿಗಲಿಲ್ಲ.

ಆಮೇಲೆ ಸೂಜಿಯ ಡಬ್ಬ ತೋರಿಸಿದರು. ಗಟ್ಟಿ ಪ್ಲಾಸ್ಟಿಕ್ಕು, ಬಾಯಿ ಸಣ್ಣದು. ಎಲ್ಲಾದರೂ ಸೂಜಿ ಬಿದ್ದಿದ್ದು ಕಂಡರೆ ನೀವು ಮುಟ್ಟಬೇಡಿ, ನರ್ಸನ್ನು ಕರೆಯಿರಿ ಅಂದರು. ಚುಚ್ಚಿದ ಸೂಜಿಗೆ ಯಾರೂ ಮತ್ತೆ ಮುಚ್ಚಳ ಹಾಕಬಾರದು, ಹಾಗೇ ಡಬ್ಬಕ್ಕೆ ಬಿಡಬೇಕು ಅಂತಲೂ ಹೇಳಿದರು. ಪೋಸ್ಟ್ ಮಾಸ್ಟರು ಯಾಕೆ ಅಂದರು. ಮುಚ್ಚಿಟ್ಟರೆ ಕ್ಷೇಮ ಅಲ್ಲವೇ ಅಂತ ನನಗೂ ಬಾಯಿಗೆ ಬಂದಿತ್ತು. ಮೇಷ್ಟರು ಬಲಗೈಯಲ್ಲಿ ಸಿರಿಂಜು ಹಿಡಿದರು, ಎಡಗೈಯ ಎರಡು ಬೆರಳಲ್ಲಿ ಮುಚ್ಚಳ ಹಿಡಿದರು. ಎರಡನ್ನೂ ನಿಧಾನವಾಗಿ ಹತ್ತಿರ ತಂದರು. ಕೈ ಒಂದಿಷ್ಟು ಅಲುಗಿದರೆ ಸೂಜಿ ಹೋಗುವುದು ಇಲ್ಲಿಗೆ ಅಂತ ತೋರಿಸಿದರು.

ಎಡಗೈ ತೋರುಬೆರಳು.

ನಾನು ಎದ್ದು ಹೊರಗೆ ಬಂದೆ. ನಲ್ಲಿಯ ಹತ್ತಿರ ನಿಂತೆ. ಸೂಜಿ ಹಿಡಿದೇ ಬದುಕಿದವಳು ನಾನು, ಬೆರಳಿನ ಯಾವ ಜಾಗಕ್ಕೆ ಯಾಕೆ ಪಟ್ಟಿ ಬರುತ್ತದೆ ಅಂತ ನನಗೆ ಗೊತ್ತಾಗಬೇಕಿತ್ತು. ಉಂಗುರ ಎಲ್ಲಿ ಅಂತ ಹುಡುಕುತ್ತ ಪಟ್ಟಿಯನ್ನು ದಾಟಿ ಹೋದೆ.

ನಮ್ಮ ಮನೆಯಲ್ಲಿ ಸೂಜಿಯನ್ನು ಬಾಯಿ ತೆರೆದು ಬಿಡುವ ಹಾಗಿಲ್ಲ. ನೀನು ಅಂಬೆಗಾಲಿಡುವಾಗಿನಿಂದ ನಾನು ಮಾಡಿದ ಕಟ್ಟಳೆ ಅದು. ಹೊಲಿಗೆ ಸೂಜಿಯಾದರೆ ಬಟ್ಟೆಯ ದಿಂಡಿಗೆ ಚುಚ್ಚು, ಇಂಜೆಕ್ಷನ್ ಸೂಜಿಯಾದರೆ ಮುಚ್ಚಳ ಹಾಕು. ಮುಚ್ಚಳ, ಮುಚ್ಚಳ ಅಂತ ದಿನಾ ಹಿಂದೆ ಬಿದ್ದು ಹೇಳುತ್ತಿದ್ದೆ. ನಾಲ್ಕು ವರ್ಷ ನನಗೆ ಇಂಜೆಕ್ಷನ್ ಕೊಟ್ಟವಳು ನೀನು. ಆ ಕೈಗೆ ಅಲ್ಲಿ ಹೋದ ತಕ್ಷಣ ಬೇರೆ ಬುದ್ಧಿ ಎಲ್ಲಿಂದ ಬರಬೇಕು?

ವಾಪಸು ಬರುವಾಗ ನಿನ್ನನ್ನು ನೋಡಿದೆ. ಪಡಸಾಲೆಯ ಆ ಕೊನೆಯಲ್ಲಿ ಗಾಡಿ ತಳ್ಳಿಕೊಂಡು ಹೋಗುತ್ತಿದ್ದೆ. ಒಂದು ಬಾಗಿಲ ಹತ್ತಿರ ನಿಂತು ಕೈ ಉಜ್ಜಿಕೊಂಡು ಒಳಗೆ ಹೋದೆ. ಕರೆಯಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ಅಷ್ಟು ದಿನ ನಿನ್ನ ಮೇಲೆ ಏನೇನೋ ಅಂದುಕೊಂಡ ಬಾಯಿ.

ನನ್ನ ಅನುಮಾನ ನಿಜವೇ? ಯಾರ ಸೂಜಿ ಅಂತ ಕೇಳುವುದಿಲ್ಲ. ಏನು ಕಾಯಿಲೆ, ಮುಂದೇನು, ಅಷ್ಟು ಬರೆ. ಪೆಟ್ಟಿಗೆಯ ಮಾತು ಬಿಟ್ಟಿದ್ದೇನೆ.

ಅಮ್ಮ


ಜುಲೈ ೨೨

ಅಮ್ಮ,

ನಿಜ.

ಮೇ ತಿಂಗಳ ಕೊನೆಯ ವಾರ. ಇಂಜೆಕ್ಷನ್ ಕೊಟ್ಟು ತಿರುಗಿದೆ, ಡಬ್ಬವಿದ್ದ ಗಾಡಿಯನ್ನು ಯಾರೋ ಬಾಗಿಲ ಕಡೆಗೆ ತಳ್ಳಿದ್ದರು. ತೆರೆದ ಸೂಜಿ ಹಿಡಿದು ಅಷ್ಟು ದೂರ ಮಂಚಗಳ ನಡುವೆ ಹೇಗೆ ಹೋಗುವುದು ಅನ್ನಿಸಿತು. ಪಾಠ ಬಾಯಿಪಾಠವೇ ಇತ್ತು. ಆದರೆ ಕೈ ಯೋಚಿಸಲಿಲ್ಲ, ಮುಚ್ಚಳ ತೆಗೆದುಕೊಂಡಿತು. ಆ ರೋಗಿಯ ರಕ್ತದಲ್ಲಿ ಸೋಂಕಿತ್ತು, ಗುಣವಾಗದೆ ಉಳಿಯುವಂಥದ್ದು.

ಬಚ್ಚಿಡಲಿಲ್ಲ. ನೇರ ಸೋಪಣ್ಣನ ಹತ್ತಿರ ಓಡಿದೆ. ಬೆರಳನ್ನು ಹಿಂಡಲು ಹೋದರೆ ಬೇಡ ಅಂದರು, ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತೊಳೆಸಿದರು. ಅವತ್ತೇ ಮಾತ್ರೆ ಶುರುವಾಯಿತು. ಬೇಗ ಶುರು ಮಾಡಿದರೆ ಸೋಂಕು ತಗಲುವುದು ಬಹಳ ಅಪರೂಪವಂತೆ. ಆವತ್ತಿನಿಂದ ಅವರನ್ನು ನಗೆಚಾಟಿಕೆ ಮಾಡಲು ಮನಸ್ಸು ಬರಲಿಲ್ಲ. ನೀನು ಅದನ್ನೂ ಹಿಡಿದೆ. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲ, ಈ ತಿಂಗಳು ಮಾಡಿದ್ದರಲ್ಲೂ ಇಲ್ಲ. ಕೊನೆಯದು ಆಗಸ್ಟ್ ಇಪ್ಪತ್ತೇಳಕ್ಕೆ. ಅದರಲ್ಲೂ ಇಲ್ಲ ಅಂದರೆ ಮುಗಿಯಿತು.

ನಿನಗೆ ಯಾಕೆ ಹೇಳಲಿಲ್ಲ ಗೊತ್ತಾ? ಹೇಳಿದರೆ ನೀನು ಸೂಜಿಯನ್ನೇ ಬಿಟ್ಟುಬಿಡುತ್ತೀ ಅಂತ. ಮಗಳ ಕೈ ಕೆಡಿಸಿದ್ದು ನನ್ನ ಸೂಜಿ ಅಂದುಕೊಂಡು ಒಂದು ದಿನ ಇಂಜೆಕ್ಷನ್ ತಪ್ಪಿಸುತ್ತೀ, ಆಮೇಲೆ ಉಪವಾಸದ ನೆಪ, ಆಮೇಲೆ ಹರಕೆಯ ನೆಪ. ನಿನಗೆ ನೀನೇ ಶಿಕ್ಷೆ ಕೊಟ್ಟುಕೊಳ್ಳುವುದು ನಾನು ನೋಡಿಲ್ಲವೇ. ನನಗೆ ಆ ರಕ್ತಕ್ಕಿಂತ ಇದೇ ಹೆಚ್ಚು ಭಯ.

ನಿಜ ಬರೆ ಅಮ್ಮ. ಹದಿನಾಲ್ಕರಿಂದ ಈಚೆಗೆ ಎಷ್ಟು ದಿನ ತಪ್ಪಿಸಿದೆ?

ಬುಗುರಿ


ಆಗಸ್ಟ್ ೨೭, ಗುರುವಾರ

ಬುಗುರಿ,

ಇವತ್ತು ಗುರುವಾರವಾದರೂ ನನ್ನ ಉಪವಾಸ ಅರ್ಧ. ಡಾಕ್ಟರಮ್ಮ ಹೇಳಿದಂತೆ ಮೊದಲು ತಿಂದೆ, ಇಂಜೆಕ್ಷನ್ ತೆಗೆದುಕೊಂಡೆ, ಆಮೇಲೆ ದೇವರ ಮುಂದೆ ಕೂತೆ. ಹೊಟ್ಟೆ ತುಂಬಿದವಳ ಪ್ರಾರ್ಥನೆ ಆತ ಕೇಳುತ್ತಾನೋ ಇಲ್ಲವೋ ಅಂತ ಒಂದು ಅನುಮಾನ ಇದ್ದೇ ಇದೆ. ಕೇಳದಿದ್ದರೆ ಜಗಳವಾಡುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ ಕೊಡದೆ ಹಿಂದಿನ ಎರಡು ಕಾಗದದಲ್ಲಿ ಬೇರೆ ಮಾತಾಡಿದೆ. ತಪ್ಪಿಸಿದ್ದೆ. ಐದು ದಿನ. ಆರನೆಯ ದಿನ ತಲೆ ಸುತ್ತಿ ಮೆಷಿನ್ನಿನ ಮೇಲೆ ಬಿದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ಬಿಚ್ಚಿ ಓದಿ, ಎಲ್ಲಿದ್ದಾಳೋ ಅಲ್ಲಿಂದಲೇ ನೋಡುತ್ತಾಳಲ್ಲ ಇವಳು ಅಂತ ನಿಮ್ಮಪ್ಪನಿಗೆ ಅಂದೆ. ಅವರಿಗೆ ಎಲ್ಲ ಹೇಳಿದ್ದೂ ಅವತ್ತೇ. ಅವರು ಎದ್ದು ಹೋಗಿ ಹಳೆಯ ಬಣ್ಣದ ಡಬ್ಬವನ್ನು ತೊಳೆದು ತಂದರು, ಮುಚ್ಚಳದಲ್ಲಿ ಸಣ್ಣ ತೂತು ಕೊರೆದು ನನ್ನ ಇಂಜೆಕ್ಷನ್ ಪೆಟ್ಟಿಗೆಯ ಪಕ್ಕ ಇಟ್ಟರು. ಈಗ ಸೂಜಿಗಳೆಲ್ಲ ಅದರೊಳಗೆ. ಬಾಯಿ ತೆರೆದ ಸೂಜಿ ಬಿಡುವಾಗ ಇವತ್ತಿಗೂ ನನ್ನ ಎಡಗೈ ಮುಚ್ಚಳ ಹುಡುಕುತ್ತದೆ. ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಲಗೈ ಒಂದರಲ್ಲೇ ಮಾಡುತ್ತೇನೆ.

ಚಿಕ್ಕಮ್ಮನಿಗೂ ಹೇಳಿದೆ. ನೀನು ಗೋಡೆ ಹಿಡಿದು ವಾಂತಿ ಮಾಡಿದ್ದು ಯಾತಕ್ಕೆ ಅಂತ ಗೊತ್ತಾದ ಮೇಲೆ ಅವಳು ತುಂಬ ಹೊತ್ತು ಅತ್ತಳು. ಆಮೇಲೆ, ಆ ಕೆಂಪು ದಾರ ನನಗೋಸ್ಕರವೇನಾ ಅಕ್ಕ, ಒಂದು ಸಲವೂ ಬಿಚ್ಚಿಲ್ಲ ನಾನು, ಮುಟ್ಟಿ ನೋಡಿ ಇಡುತ್ತಿದ್ದೆ ಅಷ್ಟೇ ಅಂದಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

ಇವತ್ತು ಮಧ್ಯಾಹ್ನ ನಿನ್ನ ಕೊನೆಯ ಪರೀಕ್ಷೆಯ ಫಲಿತಾಂಶ. ಈ ಕಾಗದ ಹೊಲಿದಿಲ್ಲ, ನೋಡಿರುತ್ತೀ. ನೀನೂ ಹೊಲಿಯಬೇಡ, ಅಂಟಿಸಬೇಡ. ಒಳ್ಳೆಯದಾದರೆ ಒಂದು ಸಾಲು, ಅಲ್ಲದಿದ್ದರೂ ಒಂದು ಸಾಲು, ಮಡಿಚಿ ಸಹ ಇಡಬೇಡ. ಗಂಟು ಬರುವವರೆಗೆ ಕಾಯುವ ಶಕ್ತಿ ನನಗಿಲ್ಲ. ಅಂಗಡಿಗೆ ರಜೆ ಹಾಕಿ ಚಿಕ್ಕಮ್ಮನೇ ಈ ಕಾಗದ ತರುತ್ತಾಳೆ, ಗೇಟಿನಲ್ಲಿ ನಿಂತಿರುತ್ತಾಳೆ. ಉತ್ತರವನ್ನು ಅವಳ ಕೈಗೆ ಕೊಟ್ಟು ಕಳಿಸು. ಅವಳೇ ಮೊದಲು ಓದಿಕೊಂಡು ತರಲಿ.

ಅಮ್ಮ